ಸ್ಥಿರ ದರವೋ, ಏರಿಳಿಯುವ ದರವೋ? ಸಹಿ ಹಾಕುವ ಮುಂಚೆ

ಮನೆಯ ವಿದ್ಯುತ್ ಮತ್ತು ಗ್ಯಾಸ್ ಕರಾರುಗಳ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಬರುವವರಲ್ಲಿ ಹೆಚ್ಚಿನವರು ಕೂರುವ ಮೊದಲೇ ಕೇಳುವುದು ಒಂದೇ ಮಾತು: "ಮುಂದಿನ ವರ್ಷ ದರ ಏರುತ್ತಾ, ಇಳಿಯುತ್ತಾ?" ಅದನ್ನು ಖಾತ್ರಿಯಾಗಿ ಹೇಳಬಲ್ಲವರು ಯಾರಾದರೂ ಇದ್ದರೆ ಅವರು ಸಲಹೆ ಕೊಡುತ್ತಾ ಕೂತಿರುವುದಿಲ್ಲ, ಸಗಟು ಮಾರುಕಟ್ಟೆಯಲ್ಲಿ ದುಡ್ಡು ಎಣಿಸುತ್ತಿರುತ್ತಾರೆ. ಹಾಗಾಗಿ ನಾನು ತಿರುಗಿ ಬೇರೆಯದನ್ನೇ ಕೇಳುತ್ತೇನೆ. ಯಾವುದೋ ಒಂದು ತಿಂಗಳು ಬಿಲ್ ಎರಡು ಪಟ್ಟು ಬಂತು ಅಂತ ಇಟ್ಟುಕೊಳ್ಳಿ, ನಿಮ್ಮ ಮನೆ ಅದನ್ನು ತಡೆದುಕೊಳ್ಳುತ್ತಾ?

ಕರಾರಿನ ಅವಧಿಗೆ ಕಟ್ಟಿಹಾಕಿದ ಸ್ಥಿರ ದರವೋ, ಮಾರುಕಟ್ಟೆಯ ಜೊತೆ ಬದಲಾಗುವ ಏರಿಳಿಯುವ ದರವೋ ಅನ್ನುವ ಈ ಆಯ್ಕೆ ಎಲ್ಲ ಕಡೆ ಇಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಸಂಸ್ಥೆ ವಿದ್ಯುತ್ ಕೊಡುವ, ಆಯೋಗವೊಂದು ದರ ಗೊತ್ತುಮಾಡುವ ಕಡೆ ಗ್ರಾಹಕರಿಗೆ ಆರಿಸಲು ಏನೂ ಇರುವುದಿಲ್ಲ. ಬ್ರಿಟನ್, ಯುರೋಪಿನ ಬಹುಪಾಲು ದೇಶಗಳು, ಅಮೆರಿಕದ ಟೆಕ್ಸಾಸ್, ಆಸ್ಟ್ರೇಲಿಯಾದ ಹಲವು ರಾಜ್ಯಗಳು, ಇಂಥ ಕಡೆ ಮಾರುವ ಕಂಪನಿಗಳು ಹಲವು ಇವೆ. ಅಲ್ಲಿರುವವರಿಗೆ ಇದು ಪ್ರತಿ ವರ್ಷದ ತಲೆನೋವು.

ಜನ ಎಡವುವುದು ಮೊದಲ ಹೆಜ್ಜೆಯಲ್ಲೇ. ಸ್ಥಿರ ದರ ಅಂದರೆ ಸ್ಥಿರ ಬಿಲ್ ಅಲ್ಲ. ಕಟ್ಟಿಹಾಕುವುದು ಒಂದು ಯೂನಿಟ್‌ನ ಬೆಲೆಯನ್ನು, ನೀವು ಎಷ್ಟು ಯೂನಿಟ್ ಬಳಸುತ್ತೀರಿ ಅನ್ನುವುದನ್ನಲ್ಲ. ಚಳಿ ಜಾಸ್ತಿಯಾಗಿ ಹೀಟರ್ ಎರಡು ತಾಸು ಹೆಚ್ಚು ಉರಿದರೆ ಬಿಲ್ ಏರಿಯೇ ಏರುತ್ತದೆ. ಇದರ ಜೊತೆಗೆ ಇನ್ನೊಂದು ಗೊಂದಲವೂ ಸೇರಿಕೊಳ್ಳುತ್ತದೆ. ಹಲವು ಕಂಪನಿಗಳು ವರ್ಷದ ಅಂದಾಜು ಖರ್ಚನ್ನು ಹನ್ನೆರಡು ಸಮ ಕಂತು ಮಾಡಿ ತಿಂಗಳು ತಿಂಗಳು ಖಾತೆಯಿಂದ ಎಳೆದುಕೊಳ್ಳುತ್ತವೆ. ಪ್ರತಿ ತಿಂಗಳೂ ಅದೇ ಮೊತ್ತ ಹೋಗುತ್ತಿರುವುದನ್ನು ನೋಡಿ, ತಮ್ಮದು ಸ್ಥಿರ ದರ ಅಂತ ನಂಬಿ ಕೂತವರು ನನ್ನ ಹತ್ತಿರ ಬೇಕಾದಷ್ಟು ಬಂದಿದ್ದಾರೆ. ಕಂತು ಸಮವಾಗಿದ್ದರೂ ಒಳಗಿನ ದರ ಏರಿಳಿಯುತ್ತಲೇ ಇರಬಹುದು. ವರ್ಷದ ಕೊನೆಗೆ ಬಾಕಿ ಲೆಕ್ಕ ಬಂದಾಗಲೇ ಅದು ಗೊತ್ತಾಗುವುದು.

ಕೆಲವು ಕರಾರುಗಳಲ್ಲಿ ಸ್ಥಿರವಾಗಿರುವುದು ಯೂನಿಟ್ ಬೆಲೆಯ ಒಂದು ಭಾಗ ಮಾತ್ರ. ನಾವು ಕಟ್ಟುವ ದರದಲ್ಲಿ ವಿದ್ಯುತ್ತಿನ ಬೆಲೆ, ತಂತಿ ಮತ್ತು ಕಂಬಗಳ ಜಾಲದ ಶುಲ್ಕ, ತೆರಿಗೆ, ಮಾರುವವರ ಲಾಭ ಎಲ್ಲ ಸೇರಿರುತ್ತವೆ. ವಿದ್ಯುತ್ತಿನ ಬೆಲೆಯನ್ನಷ್ಟೇ ಕಟ್ಟಿಹಾಕಿ, ಜಾಲದ ಶುಲ್ಕ ಮತ್ತು ತೆರಿಗೆ ಏರಿದರೆ ಗ್ರಾಹಕರ ತಲೆಗೇ ಅನ್ನುವ ಷರತ್ತು ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಕರಾರಿನಲ್ಲಿ ನಾನು ಮೊದಲು ಹುಡುಕುವುದೇ ಆ ಸಾಲನ್ನು.

ಇನ್ನು ಕಂಪನಿ ಸ್ಥಿರ ದರ ಹೇಗೆ ಕೊಡುತ್ತದೆ ಅನ್ನುವುದು. ಅದೇನೂ ಧೈರ್ಯದ ಕೆಲಸವಲ್ಲ. ನೀವು ಸಹಿ ಹಾಕುವ ಹೊತ್ತಿಗೆ ಅದು ನಿಮ್ಮ ಮುಂದಿನ ವರ್ಷದ ವಿದ್ಯುತ್ತನ್ನು ಸಗಟು ಮಾರುಕಟ್ಟೆಯಲ್ಲಿ ಮುಂಗಡವಾಗಿ ಕೊಂಡಿರುತ್ತದೆ, ಇಲ್ಲವೇ ಕೊಳ್ಳಲು ಹೊರಟಿರುತ್ತದೆ. ಆ ಮುಂಗಡ ಬೆಲೆಗೆ ಅಪಾಯದ ಬೆಲೆಯನ್ನೂ ಸೇರಿಸುತ್ತದೆ. ಚಳಿ ಹೆಚ್ಚಾಗಿ ನೀವು ಅಂದಾಜಿಗಿಂತ ಜಾಸ್ತಿ ಬಳಸಿದರೆ ಅದು ಆ ದಿನದ ದುಬಾರಿ ಬೆಲೆಗೆ ಹೆಚ್ಚುವರಿ ಕೊಳ್ಳಬೇಕಲ್ವಾ? ಆ ಭಯಕ್ಕೂ ಒಂದು ಬೆಲೆ ಇದೆ. ಹಾಗಾಗಿ ಹೆಚ್ಚಿನ ವರ್ಷಗಳಲ್ಲಿ ಸ್ಥಿರ ದರದವರು ಸ್ವಲ್ಪ ಜಾಸ್ತಿ ಕಟ್ಟಿದರೆ ಅದರಲ್ಲಿ ಮೋಸವೇನಿಲ್ಲ. ಅಪಾಯವನ್ನು ಬೇರೆಯವರ ಹೆಗಲಿಗೆ ದಾಟಿಸಿದ್ದಕ್ಕೆ ಕೊಟ್ಟ ಹಣ ಅದು.

ಇದೇ ಕಾರಣಕ್ಕೆ, ಸ್ಥಿರ ದರ ಇವತ್ತಿನ ಏರಿಳಿಯುವ ದರಕ್ಕಿಂತ ಕಡಿಮೆ ಇದ್ದರೆ ಕುಣಿದಾಡುವ ಅಗತ್ಯವಿಲ್ಲ. ಕಂಪನಿ ದಾನಕ್ಕೆ ಇಳಿದಿಲ್ಲ. ಮುಂದಿನ ತಿಂಗಳುಗಳ ಬೆಲೆ ಇಳಿಯಬಹುದು ಅಂತ ಮಾರುಕಟ್ಟೆ ಎಣಿಸುತ್ತಿದೆ, ಅಷ್ಟೆ. ಆಗ ಏರಿಳಿಯುವ ದರವೂ ಕೆಲವು ತಿಂಗಳಲ್ಲಿ ಕೆಳಗೆ ಬರುವ ಸಾಧ್ಯತೆ ಇರುತ್ತದೆ. ಹೋಲಿಸಬೇಕಾದ್ದು ಇವತ್ತಿನ ಎರಡು ದರಗಳನ್ನಲ್ಲ, ಇಡೀ ವರ್ಷದ ಎರಡು ಮೊತ್ತಗಳನ್ನು.

ಏರಿಳಿಯುವ ದರದಲ್ಲೂ ಬಗೆಗಳಿವೆ. ಕಂಪನಿ ಆಗಾಗ ನೋಟಿಸ್ ಕೊಟ್ಟು ಬದಲಿಸುವ ದರ ಒಂದು. ಸಗಟು ಬೆಲೆಯ ಸೂಚ್ಯಂಕಕ್ಕೆ ಜೋಡಿಸಿದ, ತಿಂಗಳಿಗೊಮ್ಮೆ ಬದಲಾಗುವ ದರ ಇನ್ನೊಂದು. ಮೂರನೆಯದು ಗಂಟೆ ಗಂಟೆಗೆ ಬದಲಾಗುವಂಥದ್ದು. ಸ್ಪೇನ್‌ನಲ್ಲಿ ಸರ್ಕಾರಿ ನಿಯಂತ್ರಣದ ದರವೇ 2014ರಿಂದ ಗಂಟೆ ಲೆಕ್ಕದ್ದು. ನಾರ್ವೆಯಲ್ಲಿ ಬಹಳ ವರ್ಷ ಬಹುಪಾಲು ಮನೆಗಳು ಸಗಟು ಬೆಲೆಯನ್ನೇ ನೇರವಾಗಿ ಕಟ್ಟುತ್ತಿದ್ದವು. ಹೆಸರು ಒಂದೇ ಆದರೂ ಮೊದಲನೆಯದಕ್ಕೂ ಮೂರನೆಯದಕ್ಕೂ ಅಜಗಜಾಂತರ.

ಎಷ್ಟು ಅಂತರ ಅನ್ನುವುದು 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ಗೆ ಗೊತ್ತಾಯಿತು. ಹಿಮಗಾಳಿಗೆ ಹಲವು ವಿದ್ಯುತ್ ಸ್ಥಾವರಗಳು ನಿಂತವು, ಗ್ಯಾಸ್ ಪೂರೈಕೆಯೂ ಕುಸಿಯಿತು. ಸಗಟು ಬೆಲೆ ಆಗಿನ ಗರಿಷ್ಠ ಮಿತಿಗೆ ಹೋಗಿ, ಹಲವು ದಿನ ಅಲ್ಲೇ ನಿಂತಿತು. ಆ ಮಿತಿ ಮೆಗಾವಾಟ್ ಗಂಟೆಗೆ 9,000 ಡಾಲರ್, ಅಂದರೆ ಒಂದು ಯೂನಿಟ್‌ಗೆ 9 ಡಾಲರ್. ಮಾಮೂಲಿ ದಿನಗಳಲ್ಲಿ ಅದೇ ಯೂನಿಟ್ ಸಗಟಿನಲ್ಲಿ ಕೆಲವೇ ಸೆಂಟ್‌ಗೆ ಸಿಗುತ್ತಿತ್ತು. ಸಗಟು ಬೆಲೆಗೇ ವಿದ್ಯುತ್ ಕೊಡುತ್ತೇವೆ ಅನ್ನುವ ಕರಾರಿನಲ್ಲಿದ್ದ ಮನೆಗಳಿಗೆ ಸಾವಿರಾರು ಡಾಲರ್ ಬಿಲ್ ಬಂತು. ಸ್ಥಿರ ದರದಲ್ಲಿದ್ದ ಪಕ್ಕದ ಮನೆಯ ಯೂನಿಟ್ ಬೆಲೆ ಇದ್ದಲ್ಲೇ ಇತ್ತು. ಅದೇ ವರ್ಷ ಟೆಕ್ಸಾಸ್ ಮನೆಗಳಿಗೆ ಅಂಥ ಕರಾರು ಮಾರುವುದನ್ನೇ ಕಾನೂನಿನಿಂದ ನಿಲ್ಲಿಸಿತು.

ಬೆಲೆ ಇಳಿದರೆ ಸಾಮಾನ್ಯವಾಗಿ ಸ್ವಲ್ಪ ದೂರ ಇಳಿಯುತ್ತದೆ, ಏರಿದರೆ ಅದರ ಹಲವು ಪಟ್ಟು ದೂರ ಏರಬಹುದು. ಏರಿಳಿಯುವ ದರದಿಂದ ಹತ್ತು ತಿಂಗಳು ಸ್ವಲ್ಪ ಸ್ವಲ್ಪ ಉಳಿಸಿದ್ದು ಒಂದು ಕೆಟ್ಟ ತಿಂಗಳಲ್ಲಿ ಹೋಗಬಹುದು. ಕೈಯಲ್ಲಿ ಉಳಿತಾಯ ಇರುವ ಮನೆಗೆ ಇದು ಸಹಿಸಬಹುದಾದ ಆಟ. ಸಂಬಳ ಬಂದ ವಾರದಲ್ಲೇ ಖಾಲಿಯಾಗುವ ಮನೆಗೆ ಅಲ್ಲ. ನನ್ನ ಸಲಹೆಯಲ್ಲಿ ಮಾರುಕಟ್ಟೆಯ ಭವಿಷ್ಯಕ್ಕಿಂತ ಈ ಮಾತಿನ ತೂಕ ಜಾಸ್ತಿ.

ಬ್ರಿಟನ್‌ನ ಕತೆ ಬೇರೆ ಥರದ್ದು. ಅಲ್ಲಿ 2019ರ ಜನವರಿಯಿಂದ ಏರಿಳಿಯುವ ದರಕ್ಕೆ ನಿಯಂತ್ರಕ ಸಂಸ್ಥೆಯ ಮಿತಿ ಇದೆ. ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ದಿನದ ನಿಗದಿತ ಶುಲ್ಕಕ್ಕೆ. ಒಟ್ಟು ಬಿಲ್‌ಗೆ ಮಿತಿ ಅಂದುಕೊಂಡವರು ಈಗಲೂ ಇದ್ದಾರೆ. 2021ರ ಅಕ್ಟೋಬರ್‌ನಲ್ಲಿ ಸಾಧಾರಣ ಬಳಕೆಯ ಮನೆಗೆ ಈ ಮಿತಿಯ ಪ್ರಕಾರ ವರ್ಷಕ್ಕೆ 1,277 ಪೌಂಡ್ ಆಗುತ್ತಿತ್ತು. ಒಂದೇ ವರ್ಷದಲ್ಲಿ ಅದು 3,549 ಪೌಂಡ್‌ಗೆ ಏರಿತು. ಕೊನೆಗೆ ಸರ್ಕಾರ ನಡುವೆ ಬಂದು, ಸಾಧಾರಣ ಬಳಕೆಯ ಮನೆಗೆ ಸುಮಾರು 2,500 ಪೌಂಡ್ ಆಗುವಂತೆ ದರ ತಗ್ಗಿಸಬೇಕಾಯಿತು. 2021ರ ಮೊದಲ ಭಾಗದಲ್ಲಿ ಎರಡು ವರ್ಷಕ್ಕೆ ದರ ಕಟ್ಟಿಹಾಕಿದ್ದವರು ನೆಮ್ಮದಿಯಾಗಿದ್ದರು. ಆದರೆ ಅವರಲ್ಲೂ ಎಲ್ಲರಲ್ಲ. ಆ ಹೊತ್ತಿನಲ್ಲಿ 25ಕ್ಕೂ ಹೆಚ್ಚು ಮಾರಾಟ ಕಂಪನಿಗಳು ಮುಳುಗಿದವು. ಅಗ್ಗದ ದರ ಕೊಡುತ್ತೇವೆ ಅಂತ ಮಾತು ಕೊಟ್ಟು, ಮುಂಗಡವಾಗಿ ಸಾಕಷ್ಟು ಕೊಂಡಿಡದೆ ಇದ್ದವು ಅವುಗಳಲ್ಲಿ ಹಲವು. ಅವುಗಳ ಗ್ರಾಹಕರ ಮನೆಯಲ್ಲಿ ದೀಪವೇನೂ ಆರಲಿಲ್ಲ, ಅವರನ್ನು ಬೇರೆ ಕಂಪನಿಗೆ ವರ್ಗಾಯಿಸಲಾಯಿತು. ಸ್ಥಿರ ದರ ಮಾತ್ರ ಕಂಪನಿಯ ಜೊತೆಗೇ ಹೋಯಿತು. ಬೇರೆಲ್ಲರಿಗಿಂತ ತೀರಾ ಅಗ್ಗದ ಸ್ಥಿರ ದರ ಕಂಡರೆ ನಾನು ಆ ಕಂಪನಿಯ ಲೆಕ್ಕಪತ್ರ ನೋಡಲು ಹೇಳುವುದು ಇದಕ್ಕೇ.

ಇದೇ ಸಮಯದಲ್ಲಿ ಇನ್ನೊಂದು ನಡೆಯಿತು. ಬೆಲೆ ನೆತ್ತಿಗೇರಿದ ಮೇಲೆ, ಟಿವಿಯಲ್ಲಿ ದಿನವೂ ಅದೇ ಸುದ್ದಿ ಬರತೊಡಗಿದ ಮೇಲೆ ಜನ ಸ್ಥಿರ ದರಕ್ಕೆ ಓಡಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸುದ್ದಿ ನಮಗೆ ತಲುಪುವ ಹೊತ್ತಿಗೆ ಅದು ಮುಂಗಡ ಬೆಲೆಯಲ್ಲಿ ಸೇರಿಹೋಗಿರುತ್ತದೆ. ಗಾಬರಿಯಲ್ಲಿ ಕಟ್ಟಿಹಾಕಿದರೆ ಗಾಬರಿಯ ಬೆಲೆಯನ್ನೇ ವರ್ಷವಿಡೀ ಕಟ್ಟಬೇಕು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ನಾನು ಸ್ವಲ್ಪ ಹಠ ಮಾಡುತ್ತೇನೆ, ಯಾಕೆಂದರೆ ಹೆಚ್ಚಿನ ತಪ್ಪು ಆಯ್ಕೆಗಳು ಸರಾಸರಿ ತೆಗೆಯುವುದರಲ್ಲೇ ಆಗುತ್ತವೆ. ಏರಿಳಿಯುವ ದರ ಇವತ್ತು 100 ಅಂತ ಇಟ್ಟುಕೊಳ್ಳಿ. ಒಂದು ವರ್ಷದ ಸ್ಥಿರ ದರ 108. ಚಳಿಯ ನಾಲ್ಕು ತಿಂಗಳು ಏರಿಳಿಯುವ ದರ 120 ಆಗಬಹುದು, ಉಳಿದ ಎಂಟು ತಿಂಗಳು 100ರಲ್ಲೇ ಇರಬಹುದು ಅನ್ನುವುದು ನಿಮ್ಮ ಊಹೆ. ಹನ್ನೆರಡು ತಿಂಗಳ ಸರಾಸರಿ ತೆಗೆದರೆ ಸುಮಾರು 106.7 ಬರುತ್ತದೆ. 108ಕ್ಕಿಂತ ಕಡಿಮೆ. ಏರಿಳಿಯುವುದೇ ಲಾಭ ಅಂತ ಕಾಣುತ್ತದೆ, ಅಲ್ವಾ?

ಆದರೆ ನೀವು ಪ್ರತಿ ತಿಂಗಳೂ ಒಂದೇ ಅಳತೆ ಬಳಸುವುದಿಲ್ಲ. ಮನೆ ಬಿಸಿ ಮಾಡುವ ಕಡೆ, ವರ್ಷದ ಬಳಕೆಯ ಶೇ. 60 ಆ ನಾಲ್ಕು ತಿಂಗಳಲ್ಲೇ ಆಗುತ್ತದೆ ಅನ್ನಿ. ಶೇ. 60ಕ್ಕೆ 120, ಶೇ. 40ಕ್ಕೆ 100 ಹಾಕಿ ನೋಡಿ. ನೀವು ನಿಜವಾಗಿ ಕಟ್ಟುವ ಸರಾಸರಿ 112. ಈಗ ಸ್ಥಿರ ದರವೇ ಅಗ್ಗ. ದರಗಳು ಅವೇ, ಉತ್ತರ ತಿರುಗಿಬಿತ್ತು. ಬೇಸಿಗೆಯಲ್ಲಿ ಏಸಿಯೇ ದೊಡ್ಡ ಖರ್ಚಾಗಿರುವ ಮನೆಗೆ ಇದೇ ಲೆಕ್ಕವನ್ನು ಬೇಸಿಗೆಯ ತಿಂಗಳಿಗೆ ಹಾಕಬೇಕು. ಅದಕ್ಕೇ ನಾನು ಹಿಂದಿನ ಹನ್ನೆರಡು ತಿಂಗಳ ಬಿಲ್ ಇಲ್ಲದೆ ಯಾರಿಗೂ ಬಾಯಿ ಬಿಡುವುದಿಲ್ಲ. ಹಣದ ಮೊತ್ತ ಬೇಡ, ಯೂನಿಟ್ ಸಂಖ್ಯೆ ಬೇಕು.

ನಿಗದಿತ ಶುಲ್ಕವನ್ನೂ ಈ ಮೊತ್ತಕ್ಕೆ ಸೇರಿಸಿ, ಅಂದರೆ ಒಂದು ಯೂನಿಟ್ಟೂ ಬಳಸದಿದ್ದರೂ ಕಟ್ಟಲೇಬೇಕಾದ ಹಣವನ್ನು. ಒಬ್ಬರೇ ಇರುವ ಸಣ್ಣ ಮನೆಗಳಲ್ಲಿ ಯೂನಿಟ್ ದರ ಕಡಿಮೆ, ನಿಗದಿತ ಶುಲ್ಕ ಜಾಸ್ತಿ ಇರುವ ಕರಾರು ಒಟ್ಟು ಮೊತ್ತದಲ್ಲಿ ದುಬಾರಿಯಾಗುವುದು ಸಾಮಾನ್ಯ.

ಗಂಟೆ ಲೆಕ್ಕದ ದರವನ್ನು ನಾನು ಕಣ್ಣುಮುಚ್ಚಿ ಬೇಡ ಅನ್ನುವವನಲ್ಲ. ಎಲೆಕ್ಟ್ರಿಕ್ ಕಾರು, ಮನೆ ಬ್ಯಾಟರಿ, ದೊಡ್ಡ ಬಿಸಿನೀರಿನ ಟ್ಯಾಂಕ್ ಇರುವವರಿಗೆ ಅದು ಚೆನ್ನಾಗಿ ಹೊಂದುತ್ತದೆ. ಯುರೋಪಿನಲ್ಲಿ ಮರುದಿನದ ದರ ಹಿಂದಿನ ದಿನ ಮಧ್ಯಾಹ್ನವೇ ಗೊತ್ತಾಗುತ್ತದೆ. ಅಗ್ಗದ ಹೊತ್ತಿಗೆ ಕಾರು ಚಾರ್ಜ್ ಆಗುವಂತೆ ಹೊಂದಿಸಿಟ್ಟರೆ ಆಯಿತು. ಬಿಸಿಲು ಗಾಳಿ ಜೋರಾಗಿದ್ದು ಬೇಡಿಕೆ ಕಡಿಮೆ ಇದ್ದಾಗ ಸಗಟು ಬೆಲೆ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಹಾಗಂತ ವಿದ್ಯುತ್ ಪುಕ್ಕಟೆ ಅಂದುಕೊಳ್ಳಬೇಡಿ, ಜಾಲದ ಶುಲ್ಕ ಮತ್ತು ತೆರಿಗೆ ಆಗಲೂ ಇರುತ್ತವೆ. ಇನ್ನು ಸಂಜೆ ಏಳಕ್ಕೆ ಎಲ್ಲರೂ ಮನೆಗೆ ಬಂದು ಒಟ್ಟಿಗೇ ಎಲ್ಲ ಉಪಕರಣ ಹಾಕುವ ಮನೆಗೆ, ಬಳಕೆಯನ್ನು ಜರುಗಿಸಲಾಗದ ಮನೆಗೆ ಇದರಿಂದ ಸುಮ್ನೆ ಕಿರಿಕಿರಿ. ಚಿಕ್ಕ ಮಕ್ಕಳು, ಕಾಯಿಲೆಯವರು ಇರುವ ಮನೆಯಲ್ಲಿ ದರ ನೋಡಿ ಹೀಟರ್ ಆರಿಸುವ ಸ್ಥಿತಿ ಬರಲೇಬಾರದು.

ಐರೋಪ್ಯ ಒಕ್ಕೂಟದಲ್ಲಿ 2019ರ ನಿರ್ದೇಶನದ ಪ್ರಕಾರ 2 ಲಕ್ಷಕ್ಕಿಂತ ಹೆಚ್ಚು ಗ್ರಾಹಕರಿರುವ ಕಂಪನಿಗಳು ಇಂಥ ಮಾರುಕಟ್ಟೆ ದರದ ಕರಾರು ಕೊಡಬೇಕು. 2022ರ ಬಿಕ್ಕಟ್ಟಿನ ನಂತರ, 2024ರ ತಿದ್ದುಪಡಿಯಲ್ಲಿ ಸ್ಥಿರ ದರದ ಕರಾರನ್ನೂ ಕೊಡಬೇಕು ಅಂತ ಸೇರಿಸಿದರು. ಎರಡರಲ್ಲಿ ಒಂದೇ ಸರಿ ಅಂತ ಕಾನೂನು ಮಾಡಿದವರೂ ಹೇಳಲಿಲ್ಲ.

ಕೊನೆಯದಾಗಿ ಹೊರಬರುವ ದಾರಿ. ಸ್ಥಿರ ಕರಾರನ್ನು ನಡುವೆ ಬಿಟ್ಟರೆ ದಂಡ ಎಷ್ಟು ಅಂತ ಕೇಳಿ. ಅದು ಸಣ್ಣದಿದ್ದರೆ ಅನುಮಾನ ಇದ್ದಾಗ ಸ್ಥಿರ ದರವನ್ನೇ ಹಿಡಿಯಿರಿ ಅನ್ನುತ್ತೇನೆ. ಬೆಲೆ ಏರಿದರೆ ಒಳಗೇ ಇರುತ್ತೀರಿ, ತೀರಾ ಇಳಿದರೆ ದಂಡ ಕಟ್ಟಿ ಹೊರಗೆ ಬರುತ್ತೀರಿ. ದಂಡದ ಮೊತ್ತವನ್ನು ಹೊಸ ದರದಿಂದ ತಿಂಗಳಿಗೆ ಆಗುವ ಉಳಿತಾಯದಿಂದ ಭಾಗಿಸಿ. ಬಂದ ಸಂಖ್ಯೆ ಕರಾರಿನಲ್ಲಿ ಉಳಿದಿರುವ ತಿಂಗಳಿಗಿಂತ ಕಡಿಮೆ ಇದ್ದರೆ ಹೊರಡಬಹುದು. ಅವಧಿ ಮುಗಿಯುವ ತಾರೀಕನ್ನು ಫೋನಿನಲ್ಲಿ ಎರಡು ತಿಂಗಳ ಮುಂಚೆಯೇ ನೆನಪಿಸುವಂತೆ ಇಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ಏನೂ ಮಾಡದಿದ್ದರೆ ಕಂಪನಿ ನಿಮ್ಮನ್ನು ತನ್ನ ಮಾಮೂಲಿ ದರಕ್ಕೆ ಹಾಕುತ್ತದೆ, ಅದು ಹೆಚ್ಚಾಗಿ ಅದರ ಅಗ್ಗದ ದರ ಆಗಿರುವುದಿಲ್ಲ. ಬ್ರಿಟನ್‌ನಲ್ಲಾದರೆ ಕೊನೆಯ 49 ದಿನ ದಂಡವಿಲ್ಲದೆ ಬೇರೆ ಕಂಪನಿಗೆ ಹೋಗಬಹುದು. ಬೇರೆ ದೇಶಗಳಲ್ಲಿ ಈ ಅವಧಿ ಬೇರೆ ಬೇರೆ. ಅದು ಕರಾರಿನ ಯಾವ ಪುಟದಲ್ಲಿದೆ ಅಂತ ಸಹಿ ಹಾಕುವ ದಿನವೇ ಗುರುತು ಮಾಡಿಕೊಳ್ಳಿ.