ಸೈಕಲ್ ಪಥಕ್ಕೆ ಸುರಿದ ಹಣ: ಎಲ್ಲಿ ದಕ್ಕಿತು, ಎಲ್ಲಿ ಪೋಲಾಯಿತು

ಕೇರಳದ ಕರಾವಳಿ ಹೆದ್ದಾರಿ ಶುರುವಾಗುವುದು ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಕುಂಜತ್ತೂರಿನಿಂದ. ಅಲ್ಲಿಂದ ತಿರುವನಂತಪುರ ಜಿಲ್ಲೆಯ ಪೂವಾರ್‌ವರೆಗೆ 600 ಕಿಲೋಮೀಟರಿಗೂ ಜಾಸ್ತಿ ಉದ್ದ. ಯೋಜನೆಯ ಪ್ರಕಾರ ರಸ್ತೆಯ ಅಗಲ 14 ಮೀಟರ್. ಅದರೊಳಗೇ ಸೈಕಲ್‌ಗೆ ಬೇರೆ ಪಥ. ಹಣ ಕಿಫ್ಬಿಯದು, ಅಂದರೆ ಮೂಲಸೌಕರ್ಯಕ್ಕೆ ಹಣ ಹೊಂದಿಸುವ ಕೇರಳ ಸರ್ಕಾರದ ಮಂಡಳಿಯದು. ಈ ವಿಷಯ ಬಂದಾಗಲೆಲ್ಲ ಊರಿನಲ್ಲಿ ಕೇಳುವ ಮಾತು ಒಂದೇ: ಈಗ ಸೈಕಲ್ ಬಿಡುವವರು ಯಾರಿದ್ದಾರೆ? ಸುಮ್ನೆ ಯಾಕೆ ಇಷ್ಟು ಜಾಗ, ಇಷ್ಟು ದುಡ್ಡು?

ಪ್ರಶ್ನೆ ನ್ಯಾಯವಾದದ್ದೇ. ಹೊಸದೇನೂ ಅಲ್ಲ. ಸೈಕಲ್ ಪಥಕ್ಕೆ ಸರ್ಕಾರಿ ಹಣ ಬಿದ್ದ ಕಡೆಯಲ್ಲೆಲ್ಲ ತೊಂಬತ್ತು ವರ್ಷಗಳಿಂದ ಜನ ಇದನ್ನೇ ಕೇಳುತ್ತಿದ್ದಾರೆ.

1934ರಲ್ಲಿ ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲಿ ಸುಮಾರು 4 ಕಿ.ಮೀ. ಉದ್ದದ ಸೈಕಲ್ ಪಥ ತೆರೆಯಿತು. ಅದನ್ನು ಜೋರಾಗಿ ವಿರೋಧಿಸಿದವರು ಸೈಕಲ್ ಸವಾರರೇ. ಪಥದ ನೆಪದಲ್ಲಿ ತಮ್ಮನ್ನು ರಸ್ತೆಯಿಂದಲೇ ಹೊರಗೆ ಹಾಕುತ್ತಾರೆ ಎಂಬ ಭಯ ಅವರಿಗೆ. ಆ ಭಯದಲ್ಲಿ ಹುರುಳಿತ್ತು. ಕಿರಿದಾದ, ಅಡ್ಡರಸ್ತೆ ಬಂದಲ್ಲೆಲ್ಲ ತುಂಡಾಗುವ ಪಥ ಯಾರಿಗೆ ಬೇಕು?

ನೆದರ್ಲೆಂಡ್ಸ್‌ನ ಕತೆ ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ಹೇಳುತ್ತಾರೆ. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಗೆ 3,000ಕ್ಕಿಂತ ಹೆಚ್ಚು ಜನ ಬಲಿಯಾದರು. ಅವರಲ್ಲಿ 400ಕ್ಕೂ ಮಿಕ್ಕಿ ಮಕ್ಕಳು. ತಂದೆ ತಾಯಿ ಬೀದಿಗಿಳಿದರು. 1973ರಲ್ಲಿ ತೈಲದ ಬಿಕ್ಕಟ್ಟೂ ಬಂತು. ಆಮೇಲೆ ಸರ್ಕಾರ ಹಣ ಕೊಟ್ಟು ದಿ ಹೇಗ್, ಟಿಲ್‌ಬರ್ಗ್ ನಗರಗಳಲ್ಲಿ ಒಂದೊಂದು ಒಳ್ಳೆಯ ಸೈಕಲ್ ಮಾರ್ಗ ಮಾಡಿಸಿ ನೋಡಿತು. ಕೆಲಸ ಚೆನ್ನಾಗಿತ್ತು, ಆದರೆ ಸೈಕಲ್ ಬಳಕೆ ಅಂದುಕೊಂಡಷ್ಟು ಏರಲಿಲ್ಲ. ಪಕ್ಕದ ರಸ್ತೆಗಳಲ್ಲಿ ಹೋಗುತ್ತಿದ್ದ ಸವಾರರೇ ಹೊಸ ಮಾರ್ಗಕ್ಕೆ ಬಂದರು, ಅಷ್ಟೆ. 1980ರ ದಶಕದಲ್ಲಿ ಡೆಲ್ಫ್ಟ್ ನಗರ ಬೇರೆ ದಾರಿ ಹಿಡಿಯಿತು. ಊರಿಗಿಡೀ ಜಾಲ ಹೆಣೆಯಿತು, ತುಂಡಾಗಿದ್ದ ಕೊಂಡಿಗಳನ್ನು ಜೋಡಿಸಿತು. ಅಲ್ಲಿ ಬಳಕೆ ಏರಿತು. ಸ್ಪೇನಿನ ಸೆವಿಲ್ಲೆ ಇದೇ ಪಾಠವನ್ನು 2006ರ ನಂತರ ಬೇಗಬೇಗನೆ ಜಾರಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಒಂದಕ್ಕೊಂದು ಸೇರುವ ಸುಮಾರು 80 ಕಿ.ಮೀ. ಪಥ ಹಾಕಿತು. ಮೊದಲು ಓಡಾಟದಲ್ಲಿ ಸೈಕಲ್ ಪಾಲು ಶೇ. 1ಕ್ಕೂ ಕಡಿಮೆ ಇತ್ತು, ಅದು ಶೇ. 6ರ ಆಸುಪಾಸಿಗೆ ಹೋಯಿತು.

ಜಾಲ ಇದ್ದೂ ಸೋತ ಊರು ಇಂಗ್ಲೆಂಡಿನ ಸ್ಟೀವನೇಜ್. ಹೊಸದಾಗಿ ಕಟ್ಟಿದ ಆ ಪಟ್ಟಣದಲ್ಲಿ ಸೈಕಲ್ ಪಥಗಳು, ಅಂಡರ್‌ಪಾಸ್‌ಗಳು ಎಲ್ಲ ಇದ್ದವು. ಕಾರಿಗೆ ರಸ್ತೆ ಇನ್ನೂ ಸಲೀಸಾಗಿತ್ತು. ಜನ ಕಾರನ್ನೇ ಹಿಡಿದರು.

ನಮ್ಮ ದೇಶದಲ್ಲಿ ಮೊದಲು ಬಂದದ್ದು ನಿಯಮ, ಪಥ ಆಮೇಲೆ. ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಸೈಕಲ್ ಪಥದ ಕೈಪಿಡಿ ತಂದಿತು. ಅದರ ಅಳತೆ ಹೀಗಿತ್ತು: ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್, ಜೊತೆಗೆ 100ರಿಂದ 200 ಮೋಟಾರು ವಾಹನ ಇದ್ದರೆ ಬೇರೆ ಪಥ ಮಾಡಬಹುದು. ವಾಹನ 200 ದಾಟಿದರೆ ಗಂಟೆಗೆ 100 ಸೈಕಲ್ ಇದ್ದರೂ ಸಾಕು. ಆ ಕಾಲಕ್ಕೆ ಇದು ಸರಿಯೇ. ರಸ್ತೆಯಲ್ಲಿ ಸೈಕಲ್ ತುಂಬಿತ್ತು. ಈಗ ಇದೇ ಲೆಕ್ಕ ಹಿಡಿದರೆ ಏನಾಗುತ್ತದೆ ನೋಡಿ. ಲಾರಿಗೆ ಹೆದರಿ ಸೈಕಲನ್ನು ಮನೆಯ ಚಾವಡಿಯಲ್ಲೇ ಇಟ್ಟವರು ಯಾವ ಎಣಿಕೆಗೂ ಸಿಗುವುದಿಲ್ಲ. ಸವಾರರಿಲ್ಲ, ಹಾಗಾಗಿ ಪಥ ಬೇಡ. ಪಥವಿಲ್ಲ, ಹಾಗಾಗಿ ಸವಾರರಿಲ್ಲ. ಕಾಸರಗೋಡು ಸಿಕ್ಕಿಕೊಂಡಿರುವುದು ಇಲ್ಲೇ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ನಡೆಯುವವರಿಗೆ, ಸೈಕಲ್‌ನವರಿಗೆ ಆದ್ಯತೆ ಕೊಡಬೇಕು ಎಂದಿತು. ಹಣ ಹರಿಯಿತು. ದೆಹಲಿಯಲ್ಲಿ 2008ರಲ್ಲಿ ಬಸ್ ಪಥದ ಜೊತೆ ಸೈಕಲ್ ಪಥವೂ ಬಂತು. ಕಾರಿನವರ ಸಿಟ್ಟು ನಿಲ್ಲಲಿಲ್ಲ. 2012ರಲ್ಲಿ ಹೈಕೋರ್ಟ್ ಯೋಜನೆಯ ಪರವಾಗಿ ನಿಂತರೂ 2016ರಲ್ಲಿ ಅದನ್ನು ಕಿತ್ತು ಹಾಕಲು ಶುರು ಮಾಡಿದರು. ಅದೇ ವರ್ಷ ಉತ್ತರ ಪ್ರದೇಶದಲ್ಲಿ ಇಟಾವಾದಿಂದ ಆಗ್ರಾಕ್ಕೆ 207 ಕಿ.ಮೀ. ಸೈಕಲ್ ಹೆದ್ದಾರಿ ತೆರೆದರು. ದಿನನಿತ್ಯ ಯಾರಪ್ಪಾ 207 ಕಿ.ಮೀ. ತುಳಿಯುತ್ತಾರೆ? ಮನುಷ್ಯ ಸೈಕಲ್ ಹತ್ತುವುದು ಎರಡು, ಮೂರು, ಹೆಚ್ಚೆಂದರೆ ಐದಾರು ಕಿಲೋಮೀಟರಿಗೆ. ಬೆಂಗಳೂರಿನ ಜಯನಗರದಲ್ಲಿ ಹಾಕಿದ ಪಥ ಪಾರ್ಕಿಂಗ್ ಜಾಗವಾಯಿತು. ಇವನ್ನೆಲ್ಲ ತೋರಿಸಿ ‘ನೋಡಿ, ಹಣ ದಂಡ’ ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಇಲ್ಲಿ ಹಣ ನಿಜಕ್ಕೂ ಪೋಲಾಗಿದೆ. ಆದರೆ ಪೋಲಾದದ್ದು ಸೈಕಲ್‌ನಿಂದಲ್ಲ. ಪಥ ಎಲ್ಲಿಂದ ಎಲ್ಲಿಗೆ, ಯಾರಿಗೆ ಎಂದು ಕೇಳದೆ ಡಾಂಬರು, ಬಣ್ಣ ಸುರಿದದ್ದರಿಂದ.

ಕೇಳಿ ಖರ್ಚು ಮಾಡಿದ್ದಕ್ಕೆ ಉದಾಹರಣೆ ಬಿಹಾರ. ಅದು ಪಥವಲ್ಲ, ಸೈಕಲ್ಲೇ. 2006ರಿಂದ 9ನೇ ತರಗತಿ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಪ್ರೌಢಶಾಲೆಗೆ ಸರಿಯಾದ ವಯಸ್ಸಿನಲ್ಲಿ ಸೇರುವ ಹುಡುಗಿಯರ ಪ್ರಮಾಣ ಇದರಿಂದ ಶೇ. 32ರಷ್ಟು ಏರಿತು ಎಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದರು. ಶಾಲೆ 3 ಕಿ.ಮೀ.ಗಿಂತ ದೂರ ಇದ್ದ ಊರುಗಳಲ್ಲಿ ಲಾಭ ಜಾಸ್ತಿ. ಗಡಿಯ ತಲಪಾಡಿಯ ಆಚೆ ಕರ್ನಾಟಕ ಸರ್ಕಾರವೂ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತು.

ಇನ್ನು ನಮ್ಮ ಜಿಲ್ಲೆಗೆ ಬರೋಣ. 2011ರ ಜನಗಣತಿಯಲ್ಲಿ ದೇಶದ ಸುಮಾರು ಶೇ. 45 ಮನೆಗಳಲ್ಲಿ ಸೈಕಲ್ ಇತ್ತು. ಕೇರಳದಲ್ಲಿ ಅದಕ್ಕಿಂತ ಬಹಳ ಕಡಿಮೆ. ಗುಡ್ಡಗಾಡು, ಮಳೆ, ಮೂಲೆ ಮೂಲೆಗೂ ಬಸ್, ಆಮೇಲೆ ಗಲ್ಫ್ ಹಣದಲ್ಲಿ ಬಂದ ಬೈಕು. ಹಾಗಂತ ಇಲ್ಲಿ ಸೈಕಲ್ ಇರಲೇ ಇಲ್ಲ ಎಂದಲ್ಲ. ಉಪ್ಪಳ, ಕುಂಬಳೆಯಂಥ ಪೇಟೆಗಳಲ್ಲಿ ಗಂಟೆ ಲೆಕ್ಕದ ಬಾಡಿಗೆ ಸೈಕಲ್ ಅಂಗಡಿಗಳಿದ್ದವು. ಮೀನು ಮಾರುವವರು ಹಿಂದೆ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತಾ ಒಳದಾರಿಗಳಲ್ಲೆಲ್ಲ ಬರುತ್ತಿದ್ದರು. ಬದಿಯಡ್ಕ, ಪೆರ್ಲದ ಕಡೆ ಏರು ಜಾಸ್ತಿ, ಅಲ್ಲಿ ಸೈಕಲ್ ಕಷ್ಟವೇ. ಆದರೆ ಮಂಜೇಶ್ವರದಿಂದ ಕುಂಬಳೆವರೆಗೆ ಕಡಲಿಗೂ ರೈಲು ಹಳಿಗೂ ನಡುವಿನ ನೆಲ ಬಹುಪಾಲು ಸಮತಟ್ಟು.

ಆರು ಪಥದ ರಾಷ್ಟ್ರೀಯ ಹೆದ್ದಾರಿ 66 ಬಂದ ಮೇಲೆ ಚಿತ್ರವೇ ಬದಲಾಯಿತು. ಜಾಗದ ಅಭಾವದಿಂದ ಕೇರಳ 45 ಮೀಟರ್ ಅಗಲಕ್ಕೆ ಒಪ್ಪಿಸಿತು. ಅದರಲ್ಲೇ ಆರು ಪಥ, ಎರಡು ಬದಿಗೂ ಸರ್ವೀಸ್ ರಸ್ತೆ, ಚರಂಡಿ. ಸೈಕಲ್‌ಗೆ ಅಂತ ಒಂದಡಿ ಉಳಿಯಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಬಂದ್ಯೋಡಿನಲ್ಲೋ ಹೊಸಂಗಡಿಯಲ್ಲೋ ಸರ್ವೀಸ್ ರಸ್ತೆಯ ಬದಿಯಲ್ಲಿ ನಿಂತು ನೋಡಿ. ಬಸ್ ನಿಂತರೆ ಹಿಂದಿನ ಸಾಲು ಅಲ್ಲೇ ನಿಲ್ಲುತ್ತದೆ. ಎದುರಿನಿಂದ ಬಂದ ಆಟೋ ಅಂಚಿಗೆ ಒತ್ತುತ್ತದೆ. ಬ್ಯಾಗ್ ಹಾಕಿಕೊಂಡ ಹುಡುಗ ಸೈಕಲಿನಿಂದ ಇಳಿದು ಚರಂಡಿಯ ಚಪ್ಪಡಿ ಮೇಲೆ ಅದನ್ನು ತಳ್ಳಿಕೊಂಡು ಹೋಗುತ್ತಾನೆ. ಆ ಚಪ್ಪಡಿಯೇ ಫುಟ್‌ಪಾತ್ ಕೂಡ. ಎರಡು ಚಪ್ಪಡಿಗಳ ನಡುವಿನ ಸಂದಿಯಲ್ಲಿ ಚಕ್ರ ಸಿಗದ ಹಾಗೆ ಎತ್ತಿ ಎತ್ತಿ ಇಡುತ್ತಾನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಇನ್ನೂ ತಾಪತ್ರಯ. ಮನೆ ಹತ್ತಿರದ ಶಾಲೆಯಲ್ಲಿ ಕನ್ನಡ ತರಗತಿ ಇಲ್ಲದಿದ್ದರೆ ಇನ್ನೊಂದಕ್ಕೆ ಹೋಗಬೇಕು, ಅಂದರೆ ದೂರ ಜಾಸ್ತಿ, ದಾಟುವ ಅಂಡರ್‌ಪಾಸ್ ಜಾಸ್ತಿ.

ಕರಾವಳಿ ಹೆದ್ದಾರಿಯ ಸೈಕಲ್ ಪಥವನ್ನು ನಾನು ಬೇಡ ಎನ್ನುವುದಿಲ್ಲ, ಬೇಕು. ಆದರೆ ಅದನ್ನು ಪ್ರವಾಸಿಗರಿಗೆ ಕಡಲು ತೋರಿಸುವ ದಾರಿ ಎಂದಷ್ಟೇ ನೋಡಿದರೆ ಇಟಾವಾದ ತಪ್ಪೇ ಇಲ್ಲೂ ಆಗುತ್ತದೆ. ಕಡಲ ಬದಿಯ ಪಥದಿಂದ ಮಂಜೇಶ್ವರ, ಉಪ್ಪಳ, ಕುಂಬಳೆ ರೈಲು ನಿಲ್ದಾಣಗಳಿಗೆ, ಶಾಲೆಗಳಿಗೆ ಅಡ್ಡದಾರಿ ಸೇರಬೇಕು. ಆ ಅಡ್ಡದಾರಿಗಳ ಉದ್ದ ಹೆಚ್ಚಿಲ್ಲ, ಆರು ಪಥದ ಹೆದ್ದಾರಿಯ ಖರ್ಚಿನ ಮುಂದೆ ಅವುಗಳ ಖರ್ಚೂ ಏನೇನೂ ಅಲ್ಲ.

‘ಸೈಕಲ್‌ನವರು ರಸ್ತೆ ತೆರಿಗೆ ಕಟ್ಟುವುದಿಲ್ಲ, ಅವರಿಗೇಕೆ?’ ಎಂಬ ಮಾತೂ ಇದೆ. ಊರಿನ ರಸ್ತೆಗೆ ಬೀಳುವುದು ಎಲ್ಲರ ತೆರಿಗೆ. ಡಾಂಬರು ಕಿತ್ತು ಹಾಕುವುದು ಲಾರಿಯ ಭಾರ, ಸೈಕಲ್ಲಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು, ಹಾಗಾಗಿ ಮೊದಲು ಫುಟ್‌ಪಾತ್ ಮಾಡಿ ಎಂಬುದು. ಒಪ್ಪುತ್ತೇನೆ. ಎರಡಕ್ಕೂ ಹಣ ಇಲ್ಲದ ಕಡೆ ಫುಟ್‌ಪಾತೇ ಮೊದಲಾಗಲಿ.

ಕೇರಳದಲ್ಲಿ 1996ರ ಜನಕೀಯ ಯೋಜನೆಯಿಂದ ಪಂಚಾಯತ್‌ಗಳ ಕೈಯಲ್ಲಿ ಯೋಜನಾ ಹಣ ಇದೆ, ಅದನ್ನು ಚರ್ಚಿಸಲು ಗ್ರಾಮಸಭೆ ಇದೆ. ಕೇಳಬೇಕಾದ್ದು ದೊಡ್ಡದೇನಲ್ಲ: ಚಪ್ಪಡಿಗಳ ಸಂದಿ ಮುಚ್ಚಿಸಿ, ಅಂಡರ್‌ಪಾಸಿನಲ್ಲಿ ದೀಪ ಹಾಕಿಸಿ, ಶಾಲೆಯ ಒಂದು ಕಿಲೋಮೀಟರ್ ಸುತ್ತಳತೆಯಲ್ಲಿ ವಾಹನದ ವೇಗ ಇಳಿಸಿ, ನಿಲ್ದಾಣದಲ್ಲಿ ಸೈಕಲ್ ನಿಲ್ಲಿಸಲು ಮಾಡು ಹಾಕಿದ ಜಾಗ ಕೊಡಿಸಿ. ಪಥದ ಮೇಲೆ ನಿಲ್ಲಿಸಿದ ಕಾರನ್ನು ಎತ್ತಿಸುವವರು ಯಾರು ಎಂಬುದನ್ನು ಗುತ್ತಿಗೆ ಕೊಡುವ ಮೊದಲೇ ಬರೆಸಿಕೊಳ್ಳಿ. ಜಯನಗರದಲ್ಲಿ ಬಿಟ್ಟುಹೋದದ್ದು ಅದೇ.