ಓದಿಗೆಂದು ಮಿದುಳಲ್ಲಿ ಜಾಗವೇ ಇರಲಿಲ್ಲ

1887ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಒಬ್ಬ ಹಿರಿಯರಿಗೆ ಇದ್ದಕ್ಕಿದ್ದಂತೆ ಓದಲು ಬರದಾಯಿತು. ಮಾತು ಸರಿಯಾಗಿತ್ತು. ಬುದ್ಧಿ ಚುರುಕಾಗಿತ್ತು. ಎದುರಿಗಿದ್ದ ಜನ, ವಸ್ತು ಎಲ್ಲ ಗೊತ್ತಾಗುತ್ತಿತ್ತು. ಪುಸ್ತಕ ತೆರೆದರೆ ಮಾತ್ರ ಒಂದು ಪದವೂ ತಿಳಿಯದು. ಕಣ್ಣಿನದೇ ತೊಂದರೆ ಇರಬೇಕೆಂದು ಕಣ್ಣಿನ ಡಾಕ್ಟರ ಹತ್ತಿರ ಹೋದರು. ಎ ಅಕ್ಷರ ತೋರಿಸಿದರೆ, ಚಿತ್ರ ಬರೆಯುವವರ ಸ್ಟ್ಯಾಂಡಿನ ಹಾಗಿದೆ ಎಂದರು. ಝಡ್ ಹಾವಿನಂತೆ, ಪಿ ಬಕಲಿನಂತೆ ಕಂಡವು. ಆಕಾರ ಚೆನ್ನಾಗಿಯೇ ಕಾಣುತ್ತಿತ್ತು, ಅಕ್ಷರದ ಹೆಸರು ಮಾತ್ರ ಹೊಳೆಯುತ್ತಿರಲಿಲ್ಲ.

ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಅವರಿಗೆ ಬರೆಯಲು ಬರುತ್ತಿತ್ತು! ಹೇಳಿದ್ದನ್ನು ಬರೆದುಕೊಳ್ಳುವರು. ಆಮೇಲೆ ಅದೇ ಹಾಳೆ ಕೈಗೆ ಕೊಟ್ಟರೆ ತಾವೇ ಬರೆದದ್ದನ್ನು ಓದಲಾರರು. ಅಕ್ಷರದ ಮೇಲೆ ಬೆರಳಾಡಿಸಿ ತಿದ್ದಿದರೆ ಗುರುತು ಸಿಗುತ್ತಿತ್ತು. ಕೈಗೆ ನೆನಪಿದ್ದದ್ದು ಕಣ್ಣಿಗೆ ಮರೆತುಹೋಗಿತ್ತು. ಅಂಕಿಗಳನ್ನು ಮಾತ್ರ ಸಲೀಸಾಗಿ ಓದುತ್ತಿದ್ದರು. 1892ರಲ್ಲಿ ಅವರು ತೀರಿಕೊಂಡ ಮೇಲೆ ನರವೈದ್ಯ ಜೋಸೆಫ್ ಜೂಲ್ ಡೆಜೆರೀನ್ ಮಿದುಳನ್ನು ಪರೀಕ್ಷಿಸಿದರು. ಎಡಭಾಗದ ಹಿಂಬದಿಯಲ್ಲಿ ಒಂದಿಷ್ಟು ಜಾಗ ಹಾಳಾಗಿತ್ತು.

ಹಾಗಾದರೆ ಓದುವುದಕ್ಕೆಂದೇ ಮಿದುಳಿನಲ್ಲಿ ಒಂದು ಭಾಗ ಇದೆ ಅಂತ ಆಯಿತಲ್ವಾ? ಇಲ್ಲೇ ಒಗಟು ಇರುವುದು. ಬರವಣಿಗೆ ಹುಟ್ಟಿ ಹೆಚ್ಚುಕಡಿಮೆ 5,000 ವರ್ಷ ಆಗಿದೆ, ಅಷ್ಟೇ. ಅದರಲ್ಲೂ ತೀರಾ ಇತ್ತೀಚಿನವರೆಗೆ ಓದು ಬಲ್ಲವರು ಬೆರಳೆಣಿಕೆಯ ಜನ. ಒಂದು ಹೊಸ ಅಂಗಕ್ಕೆ ವಿಕಾಸ ಇಷ್ಟು ಬೇಗ ಜಾಗ ಮಾಡಿಕೊಡುವುದಿಲ್ಲ. ಮಾತು ಬೇರೆ. ಸುತ್ತ ಮಾತಾಡುವವರಿದ್ದರೆ ಸಾಕು, ಮಗು ತಾನಾಗಿ ಕಲಿಯುತ್ತದೆ. ಆದರೆ ಪುಸ್ತಕಗಳ ಮಧ್ಯೆ ಸುಮ್ನೆ ಕೂರಿಸಿದರೆ ಯಾವ ಮಗುವಿಗೂ ಅಕ್ಷರ ಹತ್ತುವುದಿಲ್ಲ.

ಫ್ರೆಂಚ್ ವಿಜ್ಞಾನಿಗಳಾದ ಸ್ಟಾನಿಸ್ಲಾಸ್ ಡೆಹೇನ್ ಮತ್ತು ಲೊರಾನ್ ಕೊಹೆನ್ ಇದಕ್ಕೆ ಕೊಡುವ ಉತ್ತರ ನನಗೆ ತುಂಬ ಹಿಡಿಸಿದೆ. ಮಿದುಳು ಹಳೆಯ ಸಾಮಾನನ್ನೇ ಹೊಸ ಕೆಲಸಕ್ಕೆ ಹಚ್ಚುತ್ತದೆ. ಎಡಗಿವಿಯ ಹಿಂದೆ, ಮಿದುಳಿನ ತಳದಲ್ಲಿ, ಮುಖ ಮತ್ತು ವಸ್ತುಗಳ ಆಕಾರ ಗುರುತಿಸುವ ಪಟ್ಟಿಯೊಂದಿದೆ. ಓದು ಕಲಿತಾಗ ಅದರಲ್ಲೇ ಒಂದು ತುಂಡು ಅಕ್ಷರಕ್ಕೆ ಮೀಸಲಾಗುತ್ತದೆ. ಚೀನೀ ಓದುವವರಿಗೂ ಇಂಗ್ಲಿಷ್ ಓದುವವರಿಗೂ ಸುಮಾರು ಅದೇ ಜಾಗ. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ 63 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದ್ದರು. ಕೆಲವರು ಅಕ್ಷರ ಬಲ್ಲವರು, ಕೆಲವರು ಬಾರದವರು. ಬಲ್ಲವರಲ್ಲಿ ಆ ಜಾಗ ಪದ ಕಂಡೊಡನೆ ಚುರುಕಾಗುತ್ತಿತ್ತು. ಅದೇ ಜಾಗದಲ್ಲಿ ಮುಖಗಳಿಗೆ ಸಿಗುವ ಸ್ಪಂದನ ಅವರಲ್ಲಿ ಸ್ವಲ್ಪ ಕಡಿಮೆ. ಮುಖ ಗುರುತಿಸುವ ಕೆಲಸ ಒಂದಿಷ್ಟು ಮಿದುಳಿನ ಬಲಭಾಗಕ್ಕೆ ಸರಿದಿತ್ತು.

ಹಳೆಯ ಸಾಮಾನು ಅಂದಮೇಲೆ ಹಳೆಯ ಚಾಳಿಯೂ ಇರುತ್ತದೆ. ಚಹಾ ಕಪ್‌ನ ಹಿಡಿ ಎಡಕ್ಕಿರಲಿ, ಬಲಕ್ಕಿರಲಿ, ಅದು ಅದೇ ಕಪ್. ಕಣ್ಣಿಗೆ ಇದು ಹುಟ್ಟಿನಿಂದಲೇ ಬಂದ ಜಾಣತನ. ಅಕ್ಷರದ ವಿಷಯದಲ್ಲಿ ಇದೇ ಮುಳುವು. ಇಂಗ್ಲಿಷಿನ ಚಿಕ್ಕ ಬಿ ಮತ್ತು ಡಿ ಅದಲುಬದಲಾಗುವುದು, 3 ಉಲ್ಟಾ ಬರೆಯುವುದು ಇದರಿಂದಲೇ. ಐದಾರು ವರ್ಷದ ಮಕ್ಕಳಲ್ಲಿ ಇದು ತೀರಾ ಸಾಮಾನ್ಯ. ಇಷ್ಟಕ್ಕೇ ಗಾಬರಿಯಾಗಬೇಕಿಲ್ಲ.

ಅಕ್ಷರ ಗುರುತಿಸಿದರೆ ಅರ್ಧ ಕೆಲಸವಷ್ಟೇ. ಅದನ್ನು ದನಿಗೆ ಕಟ್ಟಬೇಕು. ಈಗ ತಾನೆ ಓದು ಕಲಿಯುತ್ತಿರುವ ಮಗುವಿನ ಮುಂದೆ ‘ಸೂರ್ಯ’ ಎಂಬ ಪದ ಇಡಿ. ಕಣ್ಣಿಗೆ ಮೊದಲು ಸಿಗುವುದು ಯ, ಅದರ ಪಕ್ಕದಲ್ಲಿ ಅರ್ಕಾವತ್ತು. ಬಾಯಲ್ಲಿ ಮಾತ್ರ ರ್ ಮೊದಲು, ಯ ಆಮೇಲೆ. ಮಗು ‘ಸೂ’ ಅಂದು ನಿಲ್ಲುತ್ತದೆ. ಬೆರಳು ಮುಂದೆ ಹೋಗಿ ಹಿಂದೆ ಬರುತ್ತದೆ. ಅಷ್ಟು ಹೊತ್ತೂ ‘ಸೂ’ವನ್ನು ನೆನಪಿನಲ್ಲಿ ಹಿಡಿದುಕೊಂಡಿರಬೇಕು. ನಮಗೆ ಇದ್ಯಾವುದೂ ಗೊತ್ತೇ ಆಗುವುದಿಲ್ಲ. ಓದು ಒಮ್ಮೆ ಕೂತುಬಿಟ್ಟರೆ ಬೇಡವೆಂದರೂ ಬಿಡದು. ಹಸಿರು ಶಾಯಿಯಲ್ಲಿ ‘ಕೆಂಪು’ ಎಂದು ಬರೆದು ಶಾಯಿಯ ಬಣ್ಣ ಯಾವುದು ಎಂದು ಕೇಳಿ, ನಾಲಗೆ ತಡವರಿಸುತ್ತದೆ.

ದನಿಯ ಕಡೆಯ ಕೆಲಸ ಸುಲಭವಲ್ಲ. ‘ಮರಳು’ ಪದದಿಂದ ಮ ತೆಗೆದರೆ ಏನು ಉಳಿಯುತ್ತದೆ? ‘ರಳು’ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಮ ಅಲ್ಲ, ಬರೀ ಮ್ ತೆಗೆಯಿರಿ. ಈಗ ದೊಡ್ಡವರೂ ಒಂದು ಕ್ಷಣ ಯೋಚಿಸುತ್ತಾರೆ. ಉತ್ತರ ‘ಅರಳು’. ಮಾತನ್ನು ಹೀಗೆ ಬಿಡಿಬಿಡಿ ದನಿಗಳಾಗಿ ಕೇಳಿಸಿಕೊಳ್ಳುವ ಶಕ್ತಿ ಓದಿಗೆ ಬುನಾದಿ. ಓದುತ್ತಾ ಹೋದಂತೆ ಅದೂ ಹರಿತವಾಗುತ್ತದೆ.

ಓದು ಕಷ್ಟವಾಗುವ ಮಕ್ಕಳಲ್ಲಿ ಜಾಸ್ತಿ ಎಡವುವುದು ಇಲ್ಲೇ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. 749ನ್ನು 867ರಿಂದ ಗುಣಿಸು ಎಂದರೆ ಬೇಗನೆ, ಸರಿಯಾಗಿ ಮಾಡುತ್ತಿದ್ದ. ತನ್ನ ಹೆಸರನ್ನೇ ತಪ್ಪಾಗಿ ಬರೆಯುತ್ತಿದ್ದ, ತಪ್ಪು ಕಣ್ಣಿಗೂ ಬೀಳುತ್ತಿರಲಿಲ್ಲ. ಪಾಠವೆಲ್ಲ ಬಾಯಲ್ಲೇ ಇದ್ದಿದ್ದರೆ ಶಾಲೆಗೆಲ್ಲ ಇವನೇ ಜಾಣ ಎಂದಿದ್ದರು ಮೇಷ್ಟ್ರು. ಇದು ಕಣ್ಣಿನ ನೆನಪಿನ ದೋಷ ಎಂದು ಮಾರ್ಗನ್ ಅಂದುಕೊಂಡರು. ಇಂದು ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಹೆಚ್ಚಿನವರಲ್ಲಿ ತೊಡಕಿರುವುದು ದನಿಯನ್ನು ಬಿಡಿಸುವಲ್ಲಿ, ಅದನ್ನು ಅಕ್ಷರಕ್ಕೆ ಜೋಡಿಸುವಲ್ಲಿ. ಇದು ಮನೆತನದಲ್ಲಿ ಹರಿದು ಬರುವುದೂ ಉಂಟು. ಸೋಮಾರಿತನ, ದಡ್ಡತನ ಅನ್ನುವುದೆಲ್ಲ ನಾವು ಅಂಟಿಸಿದ ಹೆಸರು.

ಲಿಪಿಯೂ ಆಟ ಆಡಿಸುತ್ತದೆ. ಇಂಗ್ಲಿಷಿನ ದೋ, ಥ್ರೂ, ಕಾಫ್ ಎಂಬ ಮೂರು ಪದಗಳ ಬಾಲದಲ್ಲಿ ಬರೆಯುವುದು ಒಂದೇ, ಉಚ್ಚಾರ ಮೂರು ಥರ. ಇಟಾಲಿಯನ್ ಹಾಗಲ್ಲ, ಬರೆದ ಹಾಗೆ ಓದುವುದು. 2001ರಲ್ಲಿ ಡಿಸ್ಲೆಕ್ಸಿಯಾ ಇರುವ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುಗರನ್ನು ಹೋಲಿಸಿ ನೋಡಿದರು. ಮಿದುಳಿನ ಎಡಬದಿಯ ಒಂದು ಭಾಗ ಮೂರೂ ಗುಂಪಿನವರಲ್ಲಿ ಒಂದೇ ರೀತಿ ಮಂಕಾಗಿತ್ತು. ಓದಿನಲ್ಲಿ ಮಾತ್ರ ಇಟಾಲಿಯನ್ನರು ಉಳಿದವರಿಗಿಂತ ಮೇಲು. ಇಂಥ ಲಿಪಿಗಳಲ್ಲಿ ತೊಂದರೆ ತಪ್ಪು ಓದಿಗಿಂತ ನಿಧಾನದ ಓದಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಕನ್ನಡ ಓದುವ ಮಗುವೂ ತಪ್ಪಿಲ್ಲದೆ, ಆದರೆ ತೆವಳುತ್ತಾ ಓದುತ್ತಿದ್ದರೆ ಗಮನಿಸಬೇಕು ಅನ್ನಿಸುತ್ತದೆ ನನಗೆ.

ಕಲಿಸಿದರೆ ಮಿದುಳು ಬದಲಾಗುತ್ತದೆಯೇ? 2018ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಓದಿನಲ್ಲಿ ಹಿಂದುಳಿದ ಮಕ್ಕಳಿಗೆ 8 ವಾರ, ವಾರಕ್ಕೆ 5 ದಿನ, ದಿನಕ್ಕೆ 4 ಗಂಟೆ ಒಬ್ಬೊಬ್ಬರನ್ನೇ ಕೂರಿಸಿ ಹೇಳಿಕೊಟ್ಟದ್ದರ ಫಲ ಪ್ರಕಟಿಸಿದರು. ಓದು ಸುಧಾರಿಸಿತ್ತು. ಮಿದುಳಿನ ಭಾಗಗಳನ್ನು ಬೆಸೆಯುವ ನರತಂತುಗಳ ಕಟ್ಟಿನಲ್ಲೂ ಅಷ್ಟರಲ್ಲೇ ಬದಲಾವಣೆ ಕಂಡಿತ್ತು.

ಮಕ್ಕಳ ಮಿದುಳು ಎಳೆಯದು, ಅದಕ್ಕೇ ಬಗ್ಗಿತು ಅನ್ನಬಹುದು. ಆದರೆ ಮೊದಲು ಹೇಳಿದ ಆ 63 ಮಂದಿಯಲ್ಲಿ ಚಿಕ್ಕಂದಿನಲ್ಲಿ ಶಾಲೆಯ ಮುಖ ಕಾಣದೆ, ದೊಡ್ಡವರಾದ ಮೇಲೆ ಅಕ್ಷರ ಕಲಿತವರು 22 ಜನ ಇದ್ದರು. ಎಡಗಿವಿಯ ಹಿಂದಿನ ಆ ತುಂಡು ಅವರಲ್ಲೂ ಅಕ್ಷರಕ್ಕೆ ಒಗ್ಗಿಕೊಂಡಿತ್ತು.