ಉಂಡೆ ಪಾಕ ಮತ್ತು ಮೇಲ್ತುಟಿಯ ಕೂದಲು

ಮೈಸೂರು ಪಾಕಿಗೆ ಒಂದೆಳೆ ಪಾಕ ಸಾಕು. ಮೇಲ್ತುಟಿ, ಗದ್ದದ ಕೂದಲು ತೆಗೆಯಲು ಬೇಕಾದದ್ದು ಅದಕ್ಕಿಂತ ಗಟ್ಟಿಯಾದ ಉಂಡೆ ಪಾಕ. ಅರಬ್ ನಾಡುಗಳ ಹೆಂಗಸರು ಇದನ್ನು ಹಲಾವಾ ಎನ್ನುತ್ತಾರೆ. ಅಲ್ಲಿ ಇದು ತಲೆಮಾರುಗಳ ಮನೆಮದ್ದು. ಮುಖಕ್ಕೆ ಬಿಸಿ ಮೇಣದ ವ್ಯಾಕ್ಸ್‌ಗಿಂತ ಇದೇ ಮೇಲು. ಉಗುರುಬೆಚ್ಚಗಿದ್ದಾಗಲೇ ಹಿಡಿಯುವುದರಿಂದ ಸುಡುವ ಭಯ ಕಡಿಮೆ, ನೀರಿನಲ್ಲಿ ಕರಗುವುದರಿಂದ ಉಳಿದ ಅಂಟನ್ನು ಉಜ್ಜದೆ ತೊಳೆಯಬಹುದು.

100 ಗ್ರಾಂ ಸಕ್ಕರೆ, ಒಂದು ದೊಡ್ಡ ಚಮಚ (15 ಮಿ.ಲೀ.) ನಿಂಬೆರಸ, ಅಷ್ಟೇ ನೀರು. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಸಕ್ಕರೆ ಕರಗುವವರೆಗೆ ಕಲಕಿ. ಕುದಿ ಬಂದ ಮೇಲೆ ಸೌಟು ಹಾಕಬೇಡಿ. ಪಾತ್ರೆಯ ಅಂಚಿಗೆ ಅಂಟಿದ ಹರಳೊಂದು ಒಳಗೆ ಬಿದ್ದರೂ ಪಾಕವೆಲ್ಲ ಮರಳು ಮರಳಾಗಬಹುದು. ಇದನ್ನು ತಡೆಯುವುದೇ ನಿಂಬೆಯ ಕೆಲಸ. ಅದರ ಹುಳಿ ಸಕ್ಕರೆಯ ಒಂದಷ್ಟು ಅಣುಗಳನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಬೇರೆ ಬೇರೆ ಅಣುಗಳು ಬೆರೆತಾಗ ಅವು ಸಾಲುಗಟ್ಟಿ ಹರಳಾಗಲಾರವು, ಪಾಕ ಎಳೆದಂತೆ ಹಿಗ್ಗುತ್ತದೆ. ಜೇನಿನ ಬಣ್ಣ ಬಂದಾಗ ಒಂದು ಹನಿಯನ್ನು ತಣ್ಣೀರಿಗೆ ಬಿಡಿ. ಬೆರಳಲ್ಲಿ ಮೆತ್ತಗಿನ ಉಂಡೆ ಕಟ್ಟಿದರೆ ಇಳಿಸಿ. ಥರ್ಮಾಮೀಟರ್ ಇದ್ದರೆ 118ರಿಂದ 120 ಡಿಗ್ರಿ ಸೆಲ್ಸಿಯಸ್. ಟಣ್ ಎಂದು ಗಟ್ಟಿಯಾದರೆ ಮಿತಿ ಮೀರಿದೆ, ಒಂದು ಚಮಚ ನೀರು ಹಾಕಿ ಮತ್ತೆ ಕಾಯಿಸಿ. ಪಾಕ ಉಗುರುಬೆಚ್ಚಗೆ ಆರುವವರೆಗೆ ಮುಟ್ಟಬೇಡಿ, ಈ ಬಿಸಿಗೆ ಚರ್ಮ ಬೊಬ್ಬೆ ಏಳುತ್ತದೆ. ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿದ ಮೇಲೆಯೇ ಮುಖಕ್ಕೆ. ಕರಾವಳಿಯ ಮಳೆಗಾಲದಲ್ಲಿ ಪಾಕ ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅಲ್ಲಿ ಇನ್ನೊಂದಿಷ್ಟು ಕಾಯಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ.

ಕೂದಲು ಅರ್ಧ ಅಕ್ಕಿಕಾಳಿನಷ್ಟಾದರೂ ಉದ್ದ ಇರಬೇಕು. ಮುಖ ತೊಳೆದು ಒರೆಸಿ, ಬೆವರು ಹೀರಲು ಚಿಟಿಕೆ ಕಾರ್ನ್‌ಫ್ಲೋರ್ ಸವರಿ. ಗೋಲಿ ಗಾತ್ರದ ಪಾಕವನ್ನು ತಿಳಿಬಣ್ಣಕ್ಕೆ ತಿರುಗುವವರೆಗೆ ನಾದಿ, ಕೂದಲು ಬೆಳೆಯುವ ದಿಕ್ಕಿಗೆ ವಿರುದ್ಧವಾಗಿ ಹಚ್ಚಿ. ಒಂದು ಕೈಯಲ್ಲಿ ಚರ್ಮ ಬಿಗಿ ಹಿಡಿದು, ಕೂದಲು ಬೆಳೆಯುವ ದಿಕ್ಕಿಗೇ, ಚರ್ಮಕ್ಕೆ ಅಂಟಿಕೊಂಡಂತೆ ಫಟ್ಟನೆ ಎಳೆಯಿರಿ. ಮೇಲಕ್ಕೆ ಎತ್ತಬಾರದು. ಮೇಲ್ತುಟಿಯಲ್ಲಿ ಕೂದಲು ನಡುವಿನಿಂದ ಎರಡೂ ಪಕ್ಕಕ್ಕೆ ಓರೆಯಾಗಿ ಇಳಿಯುವುದರಿಂದ ಎಡ ಬಲ ಬೇರೆ ಬೇರೆಯಾಗಿ ಮಾಡಿ. ನಾಲಿಗೆಯನ್ನು ಒಳಗಿನಿಂದ ಒತ್ತಿದರೆ ಚರ್ಮ ಬಿಗಿಯುತ್ತದೆ. ತಪ್ಪು ದಿಕ್ಕಿಗೆ ಎಳೆದರೆ ಕೂದಲು ಬುಡದಿಂದ ಬಾರದೆ ಚರ್ಮದೊಳಗೇ ತುಂಡಾಗುತ್ತದೆ. ಆ ಮೊನೆ ಅಡ್ಡಡ್ಡ ಬೆಳೆದು ಗುಳ್ಳೆ ಎಬ್ಬಿಸುತ್ತದೆ. ಒಂದೇ ಜಾಗಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಡ. ನಮ್ಮ ಕಂದು ಮೈಬಣ್ಣದಲ್ಲಿ ಪ್ರತಿಯೊಂದು ಉರಿಯೂತವೂ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ನಿಲ್ಲಬಹುದು; ಕೂದಲಿಗಿಂತ ಆ ಕಲೆಯೇ ಹೆಚ್ಚು ನೋಯಿಸುತ್ತದೆ. ಮುಗಿದ ಮೇಲೆ ತಣ್ಣನೆ ಬಟ್ಟೆ ಒತ್ತಿ, ಎರಡು ದಿನ ಬಿಸಿಲಿನಿಂದ ದೂರವಿರಿ.

ಮೊಡವೆಗೆ ಟ್ರೆಟಿನೋಯಿನ್, ಅಡಾಪಲೀನ್ ಹಚ್ಚುವವರು ಒಂದು ವಾರ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮೇಲ್ಚರ್ಮವೇ ಕಿತ್ತು ಬರಬಹುದು. ಐಸೊಟ್ರೆಟಿನೋಯಿನ್ ಮಾತ್ರೆ ತಿನ್ನುವವರಿಗೆ, ನಿಲ್ಲಿಸಿ ಆರು ತಿಂಗಳವರೆಗೂ ಇದು ಬೇಡ.

ರೇಜರ್ ಮುಟ್ಟಿಸಿದರೆ ಗಡ್ಡ ಬರುತ್ತದೆ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ, ಬೋಳಿಸುವುದರಿಂದ ಕೂದಲು ದಪ್ಪವೂ ಆಗದು, ಬೇಗವೂ ಬೆಳೆಯದು ಎಂದು ತೋರಿಸಿದರು. ಚೂಪು ಮೊನೆಯ ಬದಲು ಕತ್ತರಿಸಿದ ಮೊಂಡು ಬುಡ ಕೈಗೆ ಒರಟಾಗಿ ತಾಗುತ್ತದೆ, ಅಷ್ಟೇ. ಕೆನ್ನೆಯ ಮೆತ್ತನೆ ನವಿರಿಗೆ ಮುಖದ ಸಣ್ಣ ರೇಜರೇ ಸಾಕು.

ಗದ್ದದಲ್ಲಿ ದಪ್ಪ ಕಪ್ಪು ಕೂದಲಿದ್ದು ಮುಟ್ಟು ಕೂಡ ತಪ್ಪುತ್ತಿದ್ದರೆ ಪಿಸಿಓಎಸ್ (ಹಾರ್ಮೋನ್ ಏರುಪೇರಿನ, ಅಂಡಾಶಯಕ್ಕೆ ಸಂಬಂಧಿಸಿದ ತೊಂದರೆ) ಇರಬಹುದು. ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ ದನಿಯೂ ಗಡಸಾದರೆ ತಡ ಮಾಡಬೇಡಿ; ಅಂಡಾಶಯ ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯೇ ಎಂದು ನೋಡಲೇಬೇಕು. ಡಾಕ್ಟರು ಮುಖ, ಎದೆ, ಹೊಟ್ಟೆ ಹೀಗೆ ಒಂಬತ್ತು ಜಾಗಗಳ ಕೂದಲಿಗೆ 0ರಿಂದ 4 ಅಂಕ ಕೊಟ್ಟು ಅಳೆಯುತ್ತಾರೆ. ಹಿಂದಿನ ದಿನವೇ ಎಲ್ಲ ಕಿತ್ತುಕೊಂಡು ಡಾಕ್ಟರ ಬಳಿ ಹೋದರೆ ಅಂಕ ಸುಳ್ಳಾಗುತ್ತದೆ. ಕೂದಲು ಹಾಗೇ ಬಿಟ್ಟು ಹೋಗಲು ಮನಸ್ಸಾಗದಿದ್ದರೆ, ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ ಎಂದು ಸಂಕೋಚಪಡದೆ ಹೇಳಿ.